ಸಾಗುವಾನಿ ನೆಲ ಒಣಗುವ ತನಕ

ಘೋಡ್‌ಬಂದರ್ ರೋಡಿನಿಂದ ಬಂದ ಕಂಟ್ರಾಕ್ಟರು ಮರದ ಹಲಗೆಯ ನೆಲ ಉಜ್ಜಿ ಪಾಲಿಶ್ ಮಾಡಲು ಚದರ ಅಡಿಗೆ ನೂರ ನಲವತ್ತು ಅಂದ. ನಮ್ಮ ಹೊರಕೋಣೆ ಹದಿನಾಲ್ಕಕ್ಕೆ ಹನ್ನೆರಡು. ಅಂದರೆ ಇಪ್ಪತ್ತಮೂರೂವರೆ ಸಾವಿರ. ಸಾಮಾನು ಸರಿಸುವುದಕ್ಕೆ ಬೇರೆ, ಧೂಳು ಹೊರಹಾಕುವುದಕ್ಕೆ ಬೇರೆ. ಅದೇ ಕೆಲಸ ನಾವೇ ಮಾಡಿಕೊಂಡರೆ ಉಜ್ಜುವ ಮಷಿನ್ನಿನ ಬಾಡಿಗೆ ದಿನಕ್ಕೆ ಒಂಬೈನೂರರಂತೆ ಎರಡು ದಿನ, ಪಾಲಿಶ್ ಪೇಪರು ಎಂಟುನೂರು, ಮೇಲೆ ಬಳಿಯುವ ಪಿಯು ಪಾಲಿಶು ಮತ್ತು ಥಿನ್ನರು ಸೇರಿ ಮೂರು ಸಾವಿರದ ಇನ್ನೂರು, ಬ್ರಷ್ಷು, ಮೊಳೆ, ಮೂಗಿಗೆ ಮಾಸ್ಕು ಅಂತ ಇನ್ನು ಮುನ್ನೂರು. ಒಟ್ಟು ಆರು ಸಾವಿರದ ನೂರು.

ನನ್ನ ಗಂಡ ವಿಷ್ಣುಮೂರ್ತಿ ಮೂವತ್ತು ವರ್ಷ ಹೋಟೆಲಿನ ಕ್ಯಾಶಿನಲ್ಲಿ ಕೂತವರು. ಅವರದ್ದು ಮೂರನೆಯ ಲೆಕ್ಕ.

"ಮೇಲಿಂದ ಟೈಲ್ಸ್ ಹಾಕಿಬಿಡುವ ಮಾರಾಯ್ತಿ. ಇನ್ನು ನಮ್ಮ ಜನ್ಮದಲ್ಲಿ ಆ ನೆಲಕ್ಕೆ ಖರ್ಚಿಲ್ಲ."

ಮಗಳು ಪ್ರಣೀತಾ ಫೋನಿನಿಂದ ತಲೆ ಎತ್ತದೆ ಕೇಳಿದಳು, "ಮತ್ತೆ ಮಕ್ಕಳ ಮಂಡಿ ಆಪರೇಷನ್ನಿಗೆ ಯಾರು ಖರ್ಚು ಮಾಡುವುದು ಪಪ್ಪಾ? ನೀವಾ?"

ಟೈಲ್ಸಿನ ಮಾತು ಅಲ್ಲಿಗೆ ಮುಗಿಯಿತು.

ಆ ಹಲಗೆಗಳು ನಮ್ಮ ಮನೆಗೆ ಬಂದದ್ದೇ ಅವಳ ಮಂಡಿಯ ದೆಸೆಯಿಂದ. ಏಳನೆಯ ವರ್ಷಕ್ಕೆ ಅವಳನ್ನು ಭರತನಾಟ್ಯಕ್ಕೆ ಸೇರಿಸಿದಾಗ, ಕಲ್ಲಿನ ನೆಲದ ಮೇಲೆ ಕುಣಿಸಬೇಡಿ, ಮಂಡಿ ಹೋಗುತ್ತದೆ ಎಂದು ಗುರುಗಳು ಹೇಳಿದ್ದರು. ಅದೇ ವರ್ಷ ನನ್ನ ಗಂಡ ಕೆಲಸಕ್ಕಿದ್ದ ಹೋಟೆಲಿನ ಮಾಳಿಗೆಯ ಫ್ಯಾಮಿಲಿ ರೂಮು ಕೆಡವಿದರು. ಅಲ್ಲಿಯ ಸಾಗುವಾನಿ ಹಲಗೆಗಳನ್ನು ಇವರು ಸೌದೆಯ ಬೆಲೆಗೆ ಕೊಂಡು, ಟೆಂಪೋದಲ್ಲಿ ಹೇರಿ, ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ತಳ ಅಂತಸ್ತಿನ ಮನೆಗೆ ತಂದು ಹಾಸಿಸಿದರು. ಬಿಲ್ಡಿಂಗಿನವರೆಲ್ಲ ಬಂದು ನೋಡಿ, ಹೋಟೆಲಿನವರು ಮನೆಯಲ್ಲೂ ಹೋಟೆಲು ಮಾಡಿದರು ಎಂದು ನಕ್ಕು ಹೋಗಿದ್ದರು. ಈಗ ಆ ನೆಲದ ಮೇಲೆ ಪ್ರಣೀತಾ ಹದಿನಾರು ಮಕ್ಕಳಿಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದಳು. ಐರೋಲಿಯ ಕಂಪನಿಯ ಕೆಲಸ ಬಿಟ್ಟ ಮೇಲೆ ಅದೇ ಅವಳ ದುಡಿಮೆ.

ದಸರೆ ಕಳೆದ ವಾರ ದಿಶಾ ಎಂಬ ಹುಡುಗಿಯ ಅಂಗಾಲಿಗೆ ಮರದ ಸಿಬಿರು ಹೊಕ್ಕಿತು. ಸಣ್ಣದಲ್ಲ, ಊದಿನಕಡ್ಡಿಯ ತುಂಡಿನಷ್ಟು. ಅವಳ ತಾಯಿ ನಾಗವೇಣಿ ವಿಜಯಪುರದ ಕಡೆಯವಳು, ಇಲ್ಲೇ ಎಸ್ಟೇಟಿನ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಅವಳು ಜಗಳ ಮಾಡಲಿಲ್ಲ. ಮಗುವಿಗೆ ಇಂಜೆಕ್ಷನ್ ಕೊಡಿಸಿಕೊಂಡು ಹೋದಳು. ಜಗಳ ಮಾಡಿದ್ದು ಏನೂ ಆಗದ ಮಕ್ಕಳ ತಾಯಂದಿರು. ವಾಟ್ಸಾಪ್ ಗ್ರೂಪಿನಲ್ಲಿ ದಿಶಾಳ ಕಾಲಿನ ಫೋಟೋ ಎಷ್ಟು ಸುತ್ತು ತಿರುಗಿತೋ! ಅದೇ ಹೊತ್ತಿಗೆ ಮಾಲಿನ ಹಿಂದೆ ಒಂದು ಹೊಸ ಡ್ಯಾನ್ಸ್ ಸ್ಟುಡಿಯೋ ತೆರೆಯಿತು. ಗೋಡೆಯುದ್ದ ಕನ್ನಡಿ, ಎಸಿ, ಮೊದಲ ತಿಂಗಳು ಪುಕ್ಕಟೆ.

ಪ್ರಣೀತಾ ಗ್ರೂಪಿನಲ್ಲಿ ಬರೆದಳು: ದೀಪಾವಳಿ ರಜೆ ಮುಗಿದ ಸೋಮವಾರ ಹೊಸ ನೆಲದ ಮೇಲೆ ಕ್ಲಾಸು. ಬರೆದುಬಿಟ್ಟು ನನ್ನ ಹತ್ತಿರ ಅಡುಗೆಮನೆಗೆ ಬಂದಳು.

"ಅಮ್ಮ, ಬೇಲಾಪುರದ ಆಫೀಸಿನವರಿಗೂ ಸೋಮವಾರವೇ ಉತ್ತರ ಹೇಳಬೇಕು. ಅಕೌಂಟ್ಸ್ ಕೆಲಸ. ಹತ್ತು ಮಕ್ಕಳಾದರೂ ಉಳಿದರೆ ನಾನು ಹೋಗುವುದಿಲ್ಲ. ಹತ್ತಕ್ಕಿಂತ ಕಡಿಮೆಯಾದರೆ, ನೀನೇ ಹೇಳು, ನಡೀತದಾ?"

ನಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು. "ಮೊದಲು ನೆಲ ಆಗಲಿ" ಎಂದೆ.

ಮಷಿನ್ ತಂದವನು ಲತೀಶ, ನನ್ನ ಅಕ್ಕನ ಮಗ. ನಲವತ್ತು ದಾಟಿದವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕೆಲಸ, ಬಾಡಿಗೆಗೆ ಏನು ಬೇಕಾದರೂ ಎಲ್ಲಿ ಸಿಗುತ್ತದೆ ಎಂದು ಬಲ್ಲವನು. ಹೊರಕೋಣೆಯ ಸೋಫಾ, ಟಿವಿ, ಕಪಾಟು ಎಲ್ಲ ಒಳಕೋಣೆಗೆ ಹೋದವು. ಒಳಕೋಣೆಯಲ್ಲಿದ್ದ ಅತ್ತೆ ಆ ಸಾಮಾನುಗಳ ನಡುವೆ ಮಂಚದ ಮೇಲೆ ದ್ವೀಪದಂತೆ ಕೂತರು. ಉಳಿದ ನಾವು ಮೂವರೂ ಅಡುಗೆಮನೆಗೆ, ಹೊರಗೆ ಹೋಗಿಬರುವುದೂ ಅಲ್ಲಿಯ ಹಿಂಬಾಗಿಲಿನಿಂದ. ಅಲ್ಲಿ ನನ್ನ ಹಬ್ಬದ ಆರ್ಡರಿನ ಚಕ್ಕುಲಿ, ಶಂಕರಪೋಳಿ ಬೇರೆ. ಕಾಲಿಟ್ಟಲ್ಲೆಲ್ಲ ಡಬ್ಬ.

"ಚಿಕ್ಕಮ್ಮ, ಇದು ನಿಂತಲ್ಲಿ ನಿಲ್ಲುವ ಮಷಿನ್ ಅಲ್ಲ" ಎಂದು ಲತೀಶ ಮೊದಲೇ ಹೇಳಿದ. "ಒಂದೇ ಕಡೆ ನಿಲ್ಲಿಸಿದರೆ ಗುಳಿ ಬೀಳ್ತದೆ. ನಡೀತಾ ಇರಬೇಕು."

ಹೇಳಿದವನೇ ಮೊದಲ ಗುಳಿ ಮಾಡಿದ. ಫೋನು ಬಂತೆಂದು ಒಂದು ಕ್ಷಣ ನಿಂತದ್ದು. ಪ್ರಣೀತಾ ಮಷಿನ್ನಿನ ಹಿಡಿ ಅವನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಎರಡು ದಿನವೂ ಅವಳೇ ಓಡಿಸಿದಳು. ಮರದ ಎಳೆ ಹೋದ ದಿಕ್ಕಿನಲ್ಲೇ, ಗೋಡೆಯಿಂದ ಗೋಡೆಗೆ, ತಿರುಗಿ ಗೋಡೆಯಿಂದ ಗೋಡೆಗೆ. ಮೊದಲು ಒರಟು ಪೇಪರು, ಆಮೇಲೆ ನಡುವಿನದ್ದು, ಕೊನೆಗೆ ನಯದ್ದು. ಮೇಲೆದ್ದ ಮೊಳೆಗಳನ್ನು ಇವರು ಸುತ್ತಿಗೆಯಿಂದ ಒಳಗೆ ಹೊಡೆದರು. ಸಂದುಗಳಿಗೆ ಅದೇ ಮರದ ಹುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಲತೀಶ ತುಂಬಿದ. ಮೂಲೆಗೆ ಮಷಿನ್ ಹೋಗುವುದಿಲ್ಲ. ಅಲ್ಲಿ ನಾನು ಮಂಡಿಯೂರಿ ಕೈಯಿಂದ ಉಜ್ಜಿದೆ. ಎಷ್ಟು ಬಟ್ಟೆ ಕಟ್ಟಿದರೂ ಧೂಳು ಅಡುಗೆಮನೆಗೆ ಬಂತು. ಆ ವರ್ಷದ ಚಕ್ಕುಲಿಯಲ್ಲಿ ಸಾಗುವಾನಿ ಇರಲಿಲ್ಲ ಎಂದು ಆಣೆ ಹಾಕಿ ಹೇಳಲಾರೆ. ಯಾರೂ ದೂರಲಿಲ್ಲ.

ಎರಡನೆಯ ದಿನ ಸಂಜೆ ಕರಿ ಬಣ್ಣವೆಲ್ಲ ಹೋಗಿ ಹಲಗೆ ಹೊಸ ಬೆಲ್ಲದ ಹಾಗೆ ಕಂಡಿತು. ಅತ್ತೆಯನ್ನು ಕೈಹಿಡಿದು ಬಾಗಿಲ ತನಕ ಕರೆತಂದು ತೋರಿಸಿದೆ. ಅವರು ಬಗ್ಗಿ ಬೆರಳು ಸವರಿದರು.

"ಚಂದ ಆಗಿದೆ. ಆದರೆ ಎಷ್ಟು ಒಣಕಲು ಮಾರಾಯ್ತಿ! ಬಾಣಂತಿಯ ತಲೆ ಹಾಗೆ."

"ನಾಳೆ ಪಾಲಿಶ್ ಕುಡಿಸ್ತೇವೆ ಅಜ್ಜಿ" ಎಂದಳು ಪ್ರಣೀತಾ.

ಮರುದಿನ ನರಕ ಚತುರ್ದಶಿ. ಬೆಳಕು ಹರಿಯುವ ಮೊದಲೇ ಅತ್ತೆ ಎಲ್ಲರ ತಲೆಗೂ ಎಣ್ಣೆ ಹಚ್ಚಿದರು. ಅದೊಂದು ಕೆಲಸ ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಎಂಬತ್ತೆರಡರ ಕೈ ನಡುಗಿದರೂ ನೆತ್ತಿಯ ಮೇಲೆ ಬಿದ್ದರೆ ಗಟ್ಟಿ. ಸ್ನಾನ, ಅವಲಕ್ಕಿ ಆದ ಮೇಲೆ ನಾವು ಡೊಂಬಿವಲಿಗೆ, ಲತೀಶನ ಮನೆಗೆ ಊಟಕ್ಕೆ ಹೊರಟೆವು. ಪ್ರತಿ ವರ್ಷ ಹೋಗುವುದೇ. ಅತ್ತೆಗೆ ಸ್ಟೇಷನ್ನಿನ ಮೆಟ್ಟಿಲು ಆಗುವುದಿಲ್ಲ, ಅವರು ಉಳಿದರು. ಊಟಕ್ಕೆ ಕೂತರೂ ಪ್ರಣೀತಾಳ ಕಣ್ಣು ಗಡಿಯಾರದ ಮೇಲೆ. ಲತೀಶನ ತಾಯಿ ಹೋಳಿಗೆ ಬಡಿಸಲು ಬಂದರೆ, "ಬಸ್ ದೊಡ್ಡಮ್ಮ, ಬಸ್, ಪಾಲಿಶ್ ಹಚ್ಚಬೇಕು" ಎಂದು ಎಲೆಗೆ ಕೈ ಅಡ್ಡ ಹಿಡಿದಳು. "ಹೋಳಿಗೆಗೂ ಪಾಲಿಶಿಗೂ ಎಂತ ಸಂಬಂಧ?" ಎಂದು ನನ್ನ ಅಕ್ಕ ಅವಳ ಕೈಯ ಮೇಲೆಯೇ ಒಂದು ಇಟ್ಟರು.

ಲತೀಶನನ್ನೂ ಎಬ್ಬಿಸಿಕೊಂಡು ನಾವು ಹಿಂತಿರುಗಿದಾಗ ದೀಪ ಹಚ್ಚುವ ಹೊತ್ತು. ಬಲ್ಬಿನ ಬೆಳಕಿನಲ್ಲಿ ನೆಲದ ನಡುಭಾಗ ಸ್ವಲ್ಪ ಕಡು ಬಣ್ಣಕ್ಕೆ ತಿರುಗಿದ ಹಾಗೆ ಕಂಡಿತು. ನನ್ನ ಗಂಡ ಕಾರಣವನ್ನೂ ಹೇಳಿದರು. "ಇಪ್ಪತ್ತು ವರ್ಷ ಕುಣಿದ ಜಾಗ ಅಲ್ವಾ, ಮರ ಅಲ್ಲಿ ಪಕ್ವ ಆಗಿದೆ." ನಾವೆಲ್ಲ ಒಪ್ಪಿದೆವು. ಚಂದದ ಕಾರಣ ಸಿಕ್ಕಿದರೆ ಯಾರು ಬಗ್ಗಿ ನೋಡುತ್ತಾರೆ? ಪ್ರಣೀತಾ ಒಣ ಬಟ್ಟೆಯಿಂದ ಧೂಳು ಒರೆಸಿದಳು, ಲತೀಶ ಡಬ್ಬ ತೆರೆದ, ಇಬ್ಬರೂ ಸೇರಿ ಒಳಗಿನಿಂದ ಬಾಗಿಲ ಕಡೆಗೆ ಪಾಲಿಶಿನ ಮೊದಲ ಕೈ ಬಳಿದರು. ಗುರುವಾರ ಅದು. ಡಬ್ಬದ ಮೇಲೆ ಬರೆದದ್ದು ಎಂಟು ತಾಸು. ಶುಕ್ರವಾರ ಎರಡನೆಯ ಕೈ, ಶನಿವಾರ ಮೂರನೆಯದು, ಭಾನುವಾರ ಪೂರ್ತಿ ಒಣಗಲು ಬಿಡುವುದು, ಸೋಮವಾರ ಕ್ಲಾಸು. ಬಿಗಿಯಾದ ಲೆಕ್ಕ, ಆದರೆ ಆಗುವ ಲೆಕ್ಕ.

ಶುಕ್ರವಾರ ಬೆಳಿಗ್ಗೆ ಗೋಡೆಯ ಬದಿ ಗಾಜಿನ ಹಾಗೆ ಒಣಗಿತ್ತು. ನಡುವೆ ಬೆರಳಿಟ್ಟರೆ ಅಂಟು.

"ಹೊರಗೆ ತೇವ ಉಂಟು, ಮಧ್ಯಾಹ್ನಕ್ಕೆ ಸರಿಯಾಗ್ತದೆ" ಎಂದರು ಇವರು.

ಮಧ್ಯಾಹ್ನ ಅಂಟು. ಸಂಜೆ ಅಂಟು. ಫ್ಯಾನು ಹಾಕಿದೆವು. ಫ್ಯಾನಿನ ಗಾಳಿಗೆ ಧೂಳು ಕೂರುತ್ತದೆಂದು ಆರಿಸಿದೆವು. ಕಿಟಕಿ ತೆರೆದೆವು, ಹೊರಗೆ ಪಟಾಕಿಯ ಹೊಗೆ, ಮುಚ್ಚಿದೆವು. ಪ್ರಣೀತಾಳಿಗೆ ಕೂರಲು ಆಗುತ್ತಿರಲಿಲ್ಲ. ಅಡುಗೆಮನೆಯಿಂದ ಹೊರಕೋಣೆಯ ಬಾಗಿಲಿಗೆ ಬರುವುದು, ಬಗ್ಗುವುದು, ಬೆರಳು ಒತ್ತುವುದು, ಬೆರಳು ನೋಡಿಕೊಳ್ಳುವುದು, ಹೋಗುವುದು. ಫೋನು ಕುಣಿದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು. "ಮ್ಯಾಡಮ್, ಸೋಮವಾರ ನಕ್ಕೀ ನಾ?" ಎಂದು ಒಬ್ಬಳು. "ನಕ್ಕೀ" ಎಂದು ಇವಳು. ನಕ್ಕೀ ಅಂದರೆ ಖಂಡಿತ. ಆ ಮಾತು ಟೈಪು ಮಾಡುವಾಗ ಅವಳ ಹೆಬ್ಬೆರಳಿಗೂ ಅಂಟು ಇತ್ತು.

ಲಕ್ಷ್ಮೀಪೂಜೆಯನ್ನು ನಾನು ಗ್ಯಾಸಿನ ಕಟ್ಟೆಯ ಮೇಲೆ ಮಾಡಿದೆ. ಮಹಾಲಕ್ಷ್ಮಿ ಬಂದರೂ ಕಾಲಿಡಲು ಹೊರಕೋಣೆಯಲ್ಲಿ ಜಾಗವಿರಲಿಲ್ಲ.

ಶನಿವಾರ ಲತೀಶ ಬಂದು ಡಬ್ಬದವನಿಗೆ ಬೈದ. ಅಂಗಡಿಗೆ ಫೋನು ಮಾಡಿದ. ಅಂಗಡಿಯವನು, "ನೀವೇ ನೆಲ ಸರಿಯಾಗಿ ಉಜ್ಜಿಲ್ಲ" ಎಂದ. ಪ್ರಣೀತಾ ಎರಡೂ ಕೈಯ ಬೊಬ್ಬೆಗಳನ್ನು ಲತೀಶನ ಮುಖದ ಮುಂದೆ ಹಿಡಿದಳು, ಅವನೇ ಅಂಗಡಿಯವನೋ ಎಂಬಂತೆ.

"ನನಗೆ ತೋರಿಸಿ ಎಂತ ಪ್ರಯೋಜನ ಮಾರಾಯ್ತಿ! ಹೊಸ ಡಬ್ಬ ತರುವ. ಬೇರೆ ಕಂಪನಿಯದ್ದು. ಇದರ ಮೇಲೆಯೇ ಇನ್ನೊಂದು ಕೈ ಎಳೆದುಬಿಡುವ."

ಇಬ್ಬರೂ ಹಣ ಹುಡುಕತೊಡಗಿದರು. ನಾನು ಸುಮ್ಮನೆ ಹೊಸ್ತಿಲಲ್ಲಿ ಕೂತು ನೆಲ ನೋಡಿದೆ. ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಒಣಗಿದ ಕಡೆ ಹೊಳಪು, ಅಂಟಿನ ಕಡೆ ಮಂಕು. ಆ ಮಂಕಿಗೊಂದು ಆಕಾರ ಇತ್ತು. ಅರ್ಧಚಂದ್ರ. ಅದರ ಪಕ್ಕದಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು, ಮೀನಿನ ಪೊರೆಯ ಹಾಗೆ ಸಾಲಾಗಿ ಒಳಗಿನಿಂದ ಬಾಗಿಲ ಕಡೆಗೆ.

ಬ್ರಷ್ಷು ಹಾಗೆ ಹೋಗುವುದಿಲ್ಲ, ಮಷಿನ್ ಹಾಗೆ ಹೋಗುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಎಟಕುವಷ್ಟು ದೂರ ಬೀಸಿ, ಹಿಂದೆ ಹಿಂದೆ ಸರಿದು ಬಂದರೆ ಮಾತ್ರ ಹಾಗೆ ಬೀಳುತ್ತದೆ. ಸಗಣಿ ಸಾರಿಸುವ ಕೈ ಅದು. ಮದುವೆಯಾಗಿ ಹೋದ ಹೊಸದರಲ್ಲಿ ಕಾಪುವಿನ ಮನೆಯ ಅಂಗಳದಲ್ಲಿ ಅತ್ತೆ ನನಗೆ ಕಲಿಸಿದ್ದು. ನನ್ನದು ಎಂದೂ ಅಷ್ಟು ಅಚ್ಚುಕಟ್ಟಾಗಿ ಬೀಳಲಿಲ್ಲ.

ಬಗ್ಗಿ ಮೂಸಿದೆ. ಪಾಲಿಶಿನ ಘಾಟಿನ ಕೆಳಗೆ ತೆಂಗಿನೆಣ್ಣೆ.

ಒಳಕೋಣೆಗೆ ಹೋಗಿ ಮಂಚದ ಬದಿ ನಿಂತೆ.

"ಅತ್ತೆ, ಮೊನ್ನೆ ನಾವು ಡೊಂಬಿವಲಿಗೆ ಹೋದಾಗ ನೀವು ಹೊರಕೋಣೆಯ ನೆಲಕ್ಕೆ ಎಣ್ಣೆ ಹಚ್ಚಿದಿರಾ?"

"ಹಚ್ಚಿದೆ" ಎಂದರು, ಇದೊಂದು ಕೇಳುವ ಪ್ರಶ್ನೆಯೇ ಎಂಬ ಹಾಗೆ. "ಹಬ್ಬದ ದಿನ ಎಲ್ಲರ ತಲೆಗೂ ಎಣ್ಣೆ ಬಿದ್ದಿತು. ಹುಡುಗಿಯ ಅನ್ನ ಕೊಡುವ ನೆಲ, ಅದೊಂದು ಒಣಗಿ ಕೂತಿರಬೇಕಾ? ನಡುವಿಗೆ ಮಾತ್ರ ಹಚ್ಚಿದ್ದು. ಬದಿಗೆ ಸೊಂಟ ಬಗ್ಗಲಿಲ್ಲ. ಎಷ್ಟು ಕುಡಿಯಿತು ಗೊತ್ತುಂಟಾ? ಒಂದು ಬಾಟ್ಲಿ!"

ಮುಖದಲ್ಲಿ ಸಂತೋಷ. ಉಳಿದವರಿಗೆ ನಾನು ಹೇಳದೆ ಇರಬಹುದಿತ್ತು. ಆದರೆ ಇಲ್ಲಿ ಸುಮ್ಮನಿದ್ದರೆ ಅಲ್ಲಿ ಹೊಸ ಡಬ್ಬ ಬರುತ್ತದೆ, ಅದೂ ಒಣಗುವುದಿಲ್ಲ, ಎಣ್ಣೆಯ ಮೇಲೆ ಯಾವ ಪಾಲಿಶೂ ಹಿಡಿಯುವುದಿಲ್ಲ. ಒಬ್ಬರ ಮನಸ್ಸು ಉಳಿಸಲು ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯಬಾರದು. ಎಲ್ಲರನ್ನೂ ಕರೆದು ಹೇಳಿದೆ.

ಲತೀಶ ನಗಲು ಬಾಯಿ ತೆರೆದವನು ಪ್ರಣೀತಾಳ ಮುಖ ನೋಡಿ ಮುಚ್ಚಿದ. ಇವರು, "ಛೆ, ಅಮ್ಮ!" ಎಂದು ಗೋಡೆ ನೋಡಿದರು. ಅತ್ತೆಗೆ ಆಗ ಅರ್ಥವಾಯಿತು. ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು.

"ಎಣ್ಣೆ ಹೋಗಬೇಕಾದರೆ ಸೀಗೆಪುಡಿ ಉಂಟಲ್ಲ" ಎಂದರು ಸಣ್ಣ ದನಿಯಲ್ಲಿ. "ನಾನೇ ತಿಕ್ಕಿ ಕೊಡ್ತೇನೆ."

"ಅಜ್ಜಿ, ಪ್ಲೀಸ್. ನೀವು ಇನ್ನು ಆ ನೆಲ ಮುಟ್ಟಬೇಡಿ."

ಗಟ್ಟಿಯಾಗಿ ಹೇಳಲಿಲ್ಲ ಪ್ರಣೀತಾ. ಗಟ್ಟಿಯಾಗಿ ಹೇಳಿದ್ದರೆ ಒಳ್ಳೆಯದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಪಾಡ್ಯದ ಮಧ್ಯಾಹ್ನ, ಎಸ್ಟೇಟಿನ ರಸ್ತೆಯೆಲ್ಲ ಖಾಲಿ, ಫ್ಯಾಕ್ಟರಿಗಳಿಗೆ ರಜೆ. ಅವಳು ಗೇಟಿನಿಂದ ರಸ್ತೆ ಕೂಡುವ ನಾಕೆಗೆ, ನಾಕೆಯಿಂದ ಗೇಟಿಗೆ ನಡೆಯುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಅತ್ತೆ, "ನನಗೆ ಊರಿಗೆ ಟಿಕೇಟು ಮಾಡಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಇವರ ಹೋಟೆಲಿನ ಕಾಲದ ಉದ್ದ ಹಿಡಿಯ ದೋಸೆ ಸಟ್ಟುಗ ಅಟ್ಟದ ಮೇಲಿತ್ತು. ಕೆಳಗಿಳಿಸಿ, ಲತೀಶನಿಂದ ಬಾಯಿ ಹರಿತ ಮಾಡಿಸಿ, ಕಾವಲಿ ಕೆರೆಯುವ ಹಾಗೆ ಅಂಟು ಕೆರೆಯಲು ಶುರು ಮಾಡಿದೆ. ಪಾಲಿಶು ಮುದ್ದೆಮುದ್ದೆಯಾಗಿ ಬಂತು.

"ಸೆಟ್ ದೋಸೆ" ಎಂದ ಲತೀಶ. ಆಗಲೂ ಯಾರೂ ನಗಲಿಲ್ಲ.

ಪ್ರಣೀತಾ ಹಿಂದೆ ಬಂದಾಗ ಅವಳ ಕೈಯಲ್ಲಿ ಥಿನ್ನರಿನ ದೊಡ್ಡ ಕ್ಯಾನ್ ಇತ್ತು. ನನ್ನ ಪಕ್ಕದಲ್ಲಿ ಕೂತಳು. ನಾನು ಕೆರೆದ ಕಡೆ ಅವಳು ಥಿನ್ನರು ಹಾಕಿ ಹಳೆಯ ಸೀರೆಯ ತುಂಡಿನಿಂದ ಒರೆಸುತ್ತ ಬಂದಳು. ಒರೆಸಿದಷ್ಟೂ ಎಣ್ಣೆ. ಹಲಗೆ ತಾನು ಕುಡಿದದ್ದನ್ನು ಒಂದೇ ಸಲಕ್ಕೆ ಬಿಡುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಲೆ ಬರುತ್ತದೆ. ಶನಿವಾರ, ಭಾನುವಾರ ಎರಡೂ ದಿನ ಹಾಗೆಯೇ ಹೋಯಿತು. ಭಾನುವಾರ ಭಾವನ ಬಿದಿಗೆ, ತಂಗಿಯಿಂದ ಆರತಿ ಮಾಡಿಸಿಕೊಳ್ಳಬೇಕಾದ ಲತೀಶ ಮೊಳಕೈ ತನಕ ಥಿನ್ನರಿನಲ್ಲಿ ಅದ್ದಿ ಕೂತಿದ್ದ. ಅವನ ಹಣೆಗೆ ಪ್ರಣೀತಾ ಕೂತಲ್ಲಿಂದಲೇ ಕುಂಕುಮ ಹಚ್ಚಿದಳು.

ಅವನು ಕೇಳಿದ, "ಗ್ರೂಪಿನಲ್ಲಿ ಎಂತ ಬರೀತಿ? ಪೈಪ್ ಒಡೆದದ್ದು ಅಂತ ಬರೆದುಬಿಡು."

ಅವಳು ನನ್ನನ್ನು ನೋಡಿದಳು. "ಪೈಪ್ ಒಡೆದದ್ದು ಅಂದರೆ ನಾಳೆ ಬಂದು ನೋಡ್ತಾರೆ" ಎಂದೆ. "ಇದ್ದದ್ದು ಹೇಳು. ಅಜ್ಜಿಯ ಹೆಸರು ಮಾತ್ರ ಬೇಡ. ಪಾಲಿಶ್ ಹಿಡಿಯಲಿಲ್ಲ, ಇನ್ನೊಂದು ವಾರ ಬೇಕು ಅಂತ ಬರೆ."

ಅವಳು ಹಾಗೆಯೇ ಬರೆದಳು. ಸೋಮವಾರ ಒಳಕೋಣೆಯಲ್ಲಿ ಕೂತು ತಾಳ, ಹಸ್ತಗಳ ಪಾಠ ಎಂದೂ ಸೇರಿಸಿದಳು.

ಸೋಮವಾರ ಸಂಜೆ ಮಕ್ಕಳು ಬಂದರು, ಅರ್ಧಕ್ಕರ್ಧ. ತಾಯಂದಿರು ಹೊರಕೋಣೆಯ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು ನೋಡಿದರು. ಕಲೆ ಕಲೆಯ ನೆಲ, ಥಿನ್ನರಿನ ನಾತ. ಒಬ್ಬಳು ಒಳಗೇ ಬರಲಿಲ್ಲ, ಮಗುವಿನ ಕೈ ಹಿಡಿದು ಹಾಗೆಯೇ ತಿರುಗಿದಳು. ಮಂಚ, ಸೋಫಾ, ಕಪಾಟುಗಳ ಸಂದಿನಲ್ಲಿ ಕೂತ ಮಕ್ಕಳಿಗೆ ಪ್ರಣೀತಾ ಹಸ್ತ ತೋರಿಸಿದಳು. ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆ ಶಬ್ದ ಕೇಳುತ್ತಿದ್ದರು.

ಕತ್ತಲಾಗುವಾಗ ನಾಗವೇಣಿ ಬಂದಳು, ಡ್ಯೂಟಿ ಮುಗಿಸಿ, ಒಬ್ಬಳೇ.

"ದಿಶಾ ಎಲ್ಲಿ ನಾಗವೇಣಿ? ಕಾಲು ಇನ್ನೂ ನೋಯ್ತದಾ?" ಎಂದು ಕೇಳಿದೆ.

"ಕಾಲು ಬೇಷ್ ಆಗೇತ್ರೀ ಅಕ್ಕಾರ." ಚಪ್ಪಲಿ ಬಿಡದೆ ನಿಂತೇ ಹೇಳಿದಳು. "ಅಕೀನ ಆ ಮಾಲಿನ ಹಿಂದಿನ ಕ್ಲಾಸಿಗೆ ಹಚ್ಚೇನ್ರೀ. ಹೇಳದ ಹ್ವಾದ್ರ ಛಲೋ ಕಾಣೂದಿಲ್ಲ, ಅದಕ್ಕ ಬಂದೆ."

ಪ್ರಣೀತಾ ಒಳಕೋಣೆಯಿಂದ ಬಂದು ನಿಂತಳು. "ಒಂದು ವಾರ ತಡೆಯಿರಿ ಅಕ್ಕಾ. ನಿಮ್ಮ ಮಗಳಷ್ಟು ಚಂದ ಅಡವು ಹಾಕುವವರು ಇಲ್ಲಿ ಯಾರೂ ಇಲ್ಲ."

"ಗೊತ್ತೈತ್ರೀ ಟೀಚರ್. ನೀವು ಕಲಿಸಿದ್ದ ಅದು." ನಾಗವೇಣಿಯ ಕಣ್ಣು ನೆಲದ ಮೇಲೆ. "ಸಿಬಿರಿಗೆ ಸಿಟ್ಟಾಗಿ ಹೊಂಟಿಲ್ರೀ. ಅಲ್ಲಿ ಒಂದು ತಿಂಗಳು ಫೀ ಇಲ್ಲ, ಮುಂದ ಅರ್ಧಾ ಮಾಡ್ತೀವಿ ಅಂದಾರ. ನನ್ನ ಪಗಾರದಾಗ ಅರ್ಧಾ ಅಂದ್ರ ಸಣ್ಣದಲ್ರೀ. ಹ್ಞೂಂ ಅಂತ ಹೇಳಿ ಬಂದೀನಿ. ಸಿಟ್ಟ ಮಾಡಬ್ಯಾಡ್ರಿ."

ಸಿಟ್ಟು ಮಾಡಲು ಅಲ್ಲಿ ಏನಿತ್ತು? ನಾನು ಚಕ್ಕುಲಿಯ ಪೊಟ್ಟಣ ಕಟ್ಟಿ ಅವಳ ಕೈಗಿಟ್ಟೆ. ಅವಳು ಹೋದ ಮೇಲೆ ಪ್ರಣೀತಾ ಗ್ರೂಪಿನ ಹೆಸರುಗಳನ್ನು ಒಂದೊಂದಾಗಿ ನೋಡಿದಳು. ದಿಶಾ ಅಲ್ಲದೆ ನಾಲ್ವರು ಆಗಲೇ ಹೊರಬಿದ್ದಿದ್ದರು. ಇನ್ನು ನಾಲ್ವರಿಗೆ ಅವಳೇ ಫೋನು ಮಾಡಿದಳು. ಮೂರು ಕಡೆ "ನೋಡೋಣ ಮ್ಯಾಡಮ್", ಒಂದು ಕಡೆ ಯಾರೂ ಎತ್ತಲಿಲ್ಲ.

"ಅಮ್ಮ, 'ನೋಡೋಣ' ಅಂದರೆ ಎಷ್ಟು ಅಂತ ಹಿಡಿಯಬೇಕು?"

"ಸೊನ್ನೆ ಅಂತ ಹಿಡಿ" ಎಂದೆ. ಸುಳ್ಳು ಹೇಳಿ ಒಂದು ರಾತ್ರಿ ಅವಳನ್ನು ಮಲಗಿಸಬಹುದಿತ್ತು. ಮರುದಿನ ಮತ್ತೆ ಅದೇ ಬಾಗಿಲಿಗೆ ಬಂದು ಬಗ್ಗುತ್ತಿದ್ದಳು.

ಅವಳು ಹಿಂಬಾಗಿಲಿಗೆ ಹೋಗಿ ಬೇಲಾಪುರದವರಿಗೆ ಫೋನು ಮಾಡಿದಳು. "ಹೌದು ಸರ್. ಹದಿನೈದನೇ ತಾರೀಕಿನಿಂದ" ಎಂದದ್ದು ಕೇಳಿಸಿತು. ಒಳಗೆ ಬಂದವಳು ಅಡುಗೆಮನೆಯ ಸ್ಟೂಲಿನ ಮುಂದೆ ನಿಂತಳು.

"ಅಜ್ಜಿ, ಊರಿನ ಟಿಕೇಟು ಎಲ್ಲ ಮಾಡುವುದಿಲ್ಲ. ಮಂಚ ಖಾಲಿಯಾಗಿದೆ, ಹೋಗಿ ಮಲಗಿ."

ಅತ್ತೆ ಎದ್ದು ಹೋದರು. ಇಬ್ಬರಲ್ಲಿ ಯಾರೂ ಎಣ್ಣೆಯ ಹೆಸರೆತ್ತಲಿಲ್ಲ. ಈಗಲೂ ಎತ್ತುವುದಿಲ್ಲ.

ನೆಲದ ಕೆಲಸ ಅಲ್ಲಿಗೆ ಬಿಡಲಿಲ್ಲ. ಬಿಟ್ಟಿದ್ದರೆ ನೆಲವೂ ಉಳಿದ ಕ್ಲಾಸೂ ಎರಡೂ ಹೋಗುತ್ತಿದ್ದವು. ಮಷಿನ್ ಮತ್ತೆ ಬಂತು, ನಡುಭಾಗವನ್ನು ಮತ್ತೆ ಉಜ್ಜಿದೆವು. ಈ ಸಲ ಬಳಿಯುವ ಮೊದಲು ಹಲಗೆಯ ಮೇಲೆ ಬಿಳಿ ಕಾಗದ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟು ನೋಡಿದೆವು, ಕಾಗದಕ್ಕೆ ಜಿಡ್ಡು ಬರದ ಮೇಲೆಯೇ ಮೊದಲ ಕೈ. ಒಣಗಿತು. ಎರಡನೆಯದೂ ಮೂರನೆಯದೂ ಒಣಗಿದವು. ನಡುವೆ ಇನ್ನೂ ಸ್ವಲ್ಪ ಕಡು ಬಣ್ಣವಿದೆ, ಅದು ಹೋಗುವುದಿಲ್ಲ.

ಪ್ರಣೀತಾ ಈಗ ಬೆಳಿಗ್ಗೆ ಪನ್ವೇಲ್ ಲೋಕಲ್ ಹಿಡಿದು ಬೇಲಾಪುರಕ್ಕೆ ಹೋಗುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಕ್ಲಾಸು ಶನಿವಾರ, ಭಾನುವಾರ ಮಾತ್ರ. ಹದಿನಾರರಲ್ಲಿ ಒಂಬತ್ತು ಮಕ್ಕಳು ಹೋದರು, ಏಳು ಮಂದಿ ಉಳಿದರು. ಹೋದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವ ದಿಶಾಳೂ ಸೇರಿದ್ದಾಳೆ. ನೃತ್ಯವೇ ತನ್ನ ದುಡಿಮೆ ಎಂದು ಹೇಳಿಕೊಳ್ಳುವ ಮಾತು ನನ್ನ ಮಗಳಿಗೆ ಈಗಿಲ್ಲ. ತಿಂಗಳ ಪಗಾರ ಇದೆ. ನೆಲ ಗಟ್ಟಿಯಾಗಿದೆ, ಯಾವ ಮಗುವಿನ ಕಾಲಿಗೂ ಏನೂ ಚುಚ್ಚಿಲ್ಲ.